ಟೆಂಟಿಗೊಂದು ಸೋಗೆ ಚಪ್ಪರ: ಹಿನ್ನೀರಿನ ದಡದಲ್ಲಿ ನನ್ನ ಅನುಭವ

ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಟೆಂಟಿನ ಮೇಲೆ ಅಡಿಕೆ ಸೋಗೆಯ (ಒಣಗಿದ ಗರಿಯ) ಚಪ್ಪರ ಹಾಕ್ತೇನೆ ಅಂದಾಗ ನಮ್ಮ ಚಿಕ್ಕಪ್ಪ ಕವಳ ಉಗುಳಿ ಬಂದು ನಕ್ಕರು. "ಕೊಡೆಗೊಂದು ಕೊಡೆ ಹಿಡಿಯೋದು ನಿನ್ನ ಕಾಲಕ್ಕೇ ನೋಡಿದ್ದು ಮಾರಾಯ" ಅಂದರು. ಪಕ್ಕದೂರಿನಲ್ಲಿ ಟೆಂಟ್ ಹಾಕುವ ಹುಡುಗರೂ ನಕ್ಕಿದ್ದರು. ನೀರಿನ ಅಂಚು ಬಿಟ್ಟು ಮೇಲೆ ಬ್ಯಾಣದಲ್ಲಿ (ತೋಟದ ಮೇಲಿನ ಹುಲ್ಲುಗುಡ್ಡದಲ್ಲಿ) ಮಲಗೋಕೆ ಯಾರು ಬರ್ತಾರೆ ಅನ್ನೋದು ಅವರ ಮಾತು. ಮೂರು ಸೀಸನ್ ಆಯ್ತು, ಜನ ಬರುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಶರಾವತಿ ಹಿನ್ನೀರಿನ ಆಚೆ ದಡ, ಸಾಗರ ತಾಲ್ಲೂಕಿನ ತುಮರಿ ಕಡೆ. ಅಜ್ಜನ ಕಾಲದ ಗದ್ದೆ ಅಣೆಕಟ್ಟಿನ ಮುಳುಗಡೆಗೆ ಹೋಗಿದೆ. ಉಳಿದದ್ದು ಒಂದಿಷ್ಟು ಅಡಿಕೆ ತೋಟ, ಅದರ ಮೇಲೊಂದು ಬ್ಯಾಣ.

2021ರ ನವೆಂಬರಿನಲ್ಲಿ ಶುರು ಮಾಡಿದೆ. ಆನ್‌ಲೈನಿನಲ್ಲಿ ಎಂಟು ಟೆಂಟ್ ತರಿಸಿದೆ, ಒಂದಕ್ಕೆ 3,600ರ ಆಸುಪಾಸು. ಚಾಪೆ, ಸ್ಲೀಪಿಂಗ್ ಬ್ಯಾಗ್, ಎರಡು ತಗಡಿನ ಶೌಚಾಲಯ ಎಲ್ಲಾ ಸೇರಿ 1 ಲಕ್ಷದ 40 ಸಾವಿರ ದಾಟಿತು. ಮನೆಯವಳ ಬಳೆ ಅಡ ಇಟ್ಟಿದ್ದೆ. ಟೆಂಟುಗಳನ್ನು ನೀರಿನ ಅಂಚಿಗೇ ಸಾಲಾಗಿ ಹಾಕಿದೆ. ಫೋಟೋ ಭಾರೀ ಚೆನ್ನಾಗಿ ಬಂತು. ಚೆನ್ನಾಗಿ ಬಂದದ್ದು ಅದೊಂದೇ.

ಆ ನವೆಂಬರಿನ ಅಕಾಲ ಮಳೆ ಎಲ್ಲರಿಗೂ ನೆನಪಿರಬಹುದು. ಅಂಗಳದಲ್ಲಿ ಅಡಿಕೆ ಬೂಷ್ಟು ಹಿಡೀತಿತ್ತು, ದಡದಲ್ಲಿ ಟೆಂಟ್ ತೋಯ್ತಿತ್ತು. ನೀರು ಇಳಿದ ಜಾಗದ ಹೂಳಿನಲ್ಲಿ ಗೂಟ ನಿಲ್ಲಲ್ಲ. ಒಂದು ರಾತ್ರಿ ಗಾಳಿಗೆ ಎರಡು ಟೆಂಟ್ ಕಿತ್ತು ನೀರಿಗೇ ಹೋದವು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ, ಬೆಂಕಿ ಕಾಯಿಸುತ್ತಾ ಕೂತಿದ್ದರು. 11 ಸಾವಿರ ವಾಪಸ್ ಕೊಟ್ಟೆ. ಇನ್ನೊಂದು ತಂಡ ಹಿನ್ನೀರು ದಾಟಿಸುವ ಸಂಜೆಯ ಕೊನೆಯ ಲಾಂಚ್ ತಪ್ಪಿಸಿಕೊಂಡು ಸಾಗರದ ಕಡೆಯ ದಡದಿಂದಲೇ ಫೋನಿನಲ್ಲಿ ಬೈದು ಸಾಗರಕ್ಕೆ ವಾಪಸ್ ಹೋಯ್ತು. ಅವರಿಗೂ ದುಡ್ಡು ವಾಪಸ್. (2025ರ ಜುಲೈನಲ್ಲಿ ಸೇತುವೆ ಆದ ಮೇಲೆ ಆ ಕಾಟ ಮುಗೀತು.) ಇಡೀ ಸೀಸನ್ನಿಗೆ ಬಂದದ್ದು 38 ಸಾವಿರವೋ 40 ಸಾವಿರವೋ.

ಮಳೆ ಇಲ್ಲದ ರಾತ್ರಿ ಇನ್ನೊಂದು ತಾಪತ್ರಯ. ಬೆಳಿಗ್ಗೆ ಐದಕ್ಕೆ ಟೆಂಟಿನ ಒಳಗೆ ಹನಿ ಹನಿ. "ಅಂಕಲ್, ಟೆಂಟ್ ಸೋರ್ತಿದೆ" ಅಂತ ಎದ್ದು ಬರುತ್ತಿದ್ದರು. ಸೋರೋದಲ್ಲ, ಅವರ ಉಸಿರೇ ತಣ್ಣಗಿನ ಬಟ್ಟೆಗೆ ತಾಗಿ ನೀರಾಗೋದು. ಆದರೆ 1,200 ರೂಪಾಯಿ ಕೊಟ್ಟು ಬಂದವರಿಗೆ ಅದನ್ನು ಹೇಳಿ ಒಪ್ಪಿಸೋದು ಕಷ್ಟ. ಕಿಟಕಿ ತೆಗೆದಿಟ್ಟರೆ ಚಳಿ ಅಂತ ದೂರು. ಎರಡನೇ ವರ್ಷ ಹಟಕ್ಕೆ ಬಿದ್ದು 3000 ಎಂಎಂ (ಮಳೆ ನೀರು ತಡೆಯುವ ಅಳತೆ) ಅಂತ ಬರೆದಿರೋ ನಾಲ್ಕು ಟೆಂಟ್ ತಂದೆ, ಒಂಬತ್ತೂವರೆ ಸಾವಿರಕ್ಕೆ ಒಂದು. ಜಾಸ್ತಿ ದುಡ್ಡು, ಒಳಗೆ ಅದೇ ನೀರು.

ದಾರಿ ತೋರಿಸಿದ್ದು ನನ್ನ ಮಗ. ಹರಿದ ಟೆಂಟೊಂದನ್ನು ಅಂಗಳದಲ್ಲಿ ಅಡಿಕೆ ಒಣಗಿಸುವ ಅಟ್ಟದ ಕೆಳಗೆ ಕಟ್ಟಿಕೊಂಡು ತಂಗಿ ಜೊತೆ ಮಲಗಿದ್ದ. ಬೆಳಿಗ್ಗೆ ದಡದ ಟೆಂಟುಗಳೆಲ್ಲ ತೊಟ್ಟಿಕ್ಕುತ್ತಿದ್ದರೆ ಇವನದ್ದು ಖಡಕ್ ಒಣ. ಮುಟ್ಟಿ ಮುಟ್ಟಿ ನೋಡಿದೆ. ಟೆಂಟಿನ ಬಟ್ಟೆ ಬಯಲು ಆಕಾಶಕ್ಕೆ ಮುಖ ಮಾಡದಿದ್ದರೆ ಅಷ್ಟೊಂದು ತಣ್ಣಗಾಗುವುದಿಲ್ಲ, ಅಷ್ಟೇ ವಿಷಯ. ಎರಡು ವರ್ಷ ನನ್ನ ತಲೆಗೆ ಹೋಗಿರಲಿಲ್ಲ.

2023ರಲ್ಲಿ ಮಳೆ ಕೈಕೊಟ್ಟಿತು. ನವೆಂಬರಿಗೇ ನೀರು ಎಲ್ಲೋ ಕೆಳಗೆ. ದಿನಾ ಟೆಂಟ್ ಕಿತ್ತು ನೀರಿನ ಹಿಂದೆ ಓಡೋದು ಸಾಕಾಗಿ ಎಲ್ಲವನ್ನೂ ಬ್ಯಾಣಕ್ಕೆ ತಂದೆ. ನೀರು ಇಳಿದ ಜಾಗ ಹೇಗೂ ನಮ್ಮದಲ್ಲ. ಬ್ಯಾಣ ನಮ್ಮ ಮಾಲ್ಕಿ ಜಾಗ. ತಗ್ಗಿನಲ್ಲಿ ನಿಲ್ಲುವ ಶೀತ ಅಲ್ಲಿ ಇಲ್ಲ, ಮಂಜೂ ಕಡಿಮೆ.

ಚಪ್ಪರಕ್ಕೆ ಹನ್ನೆರಡು ಅಡಿ ಚದರ. ಮುಂದೆ ಏಳು ಅಡಿ ಎತ್ತರ, ಹಿಂದೆ ಐದೂವರೆ. ಕಂಬಕ್ಕೆ ಬಿದ್ದ ಅಡಿಕೆ ಮರ, ಮೇಲೆ ದಬ್ಬೆ (ಸೀಳಿದ ಅಡಿಕೆ ಮರದ ಪಟ್ಟಿ), ಅದರ ಮೇಲೆ ಸೋಗೆ ಎರಡು ಪದರ. ಸುತ್ತ ಪೂರ್ತಿ ತೆರೆದಿರಬೇಕು. ಟೆಂಟಿನ ನೆತ್ತಿಗೂ ಸೋಗೆಗೂ ಒಂದೂವರೆ ಅಡಿಯಾದರೂ ಅಂತರ ಬೇಕು. ಮೊದಲನೆಯದನ್ನು ತಗ್ಗಾಗಿ ಕಟ್ಟಿ, ಟೆಂಟಿಗೆ ಸೋಗೆ ತಾಗಿ, ಇರುವೆ ಎಲ್ಲಾ ಒಳಗೆ ಬಂತು. ಇಬ್ಬರು ಆಳು, ಒಂದು ದಿನ. ಹಗ್ಗ, ಊಟ ಸೇರಿ 2,500 ರೂಪಾಯಿ ಒಳಗೆ ಒಂದು ಚಪ್ಪರ. ಆರು ಹಾಕಿದ್ದೇನೆ. ಸೋಗೆಯನ್ನು ಬೇಸಿಗೆಯಲ್ಲೇ ಕೂಡಿಸಿ ಇಟ್ಟುಕೊಳ್ಳಬೇಕು, ಅಕ್ಟೋಬರಿನಲ್ಲಿ ಹುಡುಕಿದರೆ ಸಿಗಲ್ಲ. ನಕ್ಕ ಚಿಕ್ಕಪ್ಪನೇ ಈಗ ನನಗೆ ಸೋಗೆ ಮಾರುತ್ತಾರೆ, ಒಂದಕ್ಕೆ ಐದು ರೂಪಾಯಿ. ಸಂಬಂಧ ಅಂತ ಬಿಡುವುದೂ ಇಲ್ಲ. ಗಾಳಿಗೆ ಸೋಗೆ ಹಾರದ ಹಾಗೆ ಕಟ್ಟುವ ಒಂದು ಕ್ರಮ ಇದೆ. ಅದನ್ನು ಇಲ್ಲಿ ಬರೆಯಲ್ಲ. ಬಂದು ನೋಡಿ ಕಲಿತುಕೊಂಡರೆ ಬೇಜಾರಿಲ್ಲ.

ಬೇರೇನೂ ನೋಡಲಿಲ್ಲ ಅಂತಲ್ಲ. ನೀಲಿ ಟಾರ್ಪಾಲು ಕಟ್ಟಿ ನೋಡಿದೆ. ಅದರ ಅಡಿಯಲ್ಲೇ ಇಬ್ಬನಿ ಕಟ್ಟಿ ಟೆಂಟಿನ ಮೇಲೆ ಬೀಳುತ್ತಿತ್ತು, ಮೇಲಿಂದ ರಾತ್ರಿಯಿಡೀ ಪಟಪಟ ಸದ್ದು. ಹಸಿರು ನೆಟ್ ಅರ್ಧಂಬರ್ಧ ಕೆಲಸ ಮಾಡಿತು. ಟೆಂಟಿನ ಕೆಳಗೆ ಮೆತ್ತಗಿರಲಿ ಅಂತ ಅಡಿಕೆ ಹಾಳೆ ಹಾಸಿದ್ದೆ. ಇಳಿಜಾರಲ್ಲಿ ಟೆಂಟೇ ಜಾರುತ್ತಿತ್ತು. ಭತ್ತದ ಉಮಿ ಹಾಕಿದೆ, ನಮ್ಮ ಮನೆ ಕೋಳಿಗಳು ಬಂದು ಕೆದಕಿ ಹಬ್ಬ ಮಾಡಿದವು. ಈಗ ಸುಮ್ನೆ ಮಣ್ಣು ಹದ ಮಾಡಿ ಸಗಣಿ ಬಳಿಯುತ್ತೇನೆ. ಜಂಬಿಟ್ಟಿಗೆ ನೆಲಕ್ಕೆ ಟೆಂಟ್ ಜೊತೆ ಬರುವ ಗೂಟ ಏನೂ ಅಲ್ಲ, ಎಲ್ಲ ಬಗ್ಗಿ ಹೋಗುತ್ತವೆ. ಕುಲುಮೆಯಲ್ಲಿ ಎಂಟು ಎಂಎಂ ಸರಳಿನದ್ದು ಮಾಡಿಸಿಕೊಂಡೆ.

ಸೋಗೆ ಅಂದರೆ ಬೆಂಕಿಗೆ ಹೇಳಿ ಮಾಡಿಸಿದ್ದು. ಹಾಗಾಗಿ ಬೆಂಕಿ, ಊಟ, ಹರಟೆ ಎಲ್ಲ ಕೆಳಗೆ ನೀರಿನ ಹತ್ತಿರ. ಬ್ಯಾಣಕ್ಕೆ ಮಲಗೋಕೆ ಮಾತ್ರ. ಮೇಲೆ ಸಿಗರೇಟು ಹಚ್ಚಿದರೆ ರಾತ್ರಿ ಹನ್ನೆರಡಾದರೂ ಗಂಟುಮೂಟೆ ಕಟ್ಟಿಸುತ್ತೇನೆ. ಎರಡು ಸಲ ಕಟ್ಟಿಸಿದ್ದೂ ಇದೆ. ಈಜಿಗೂ ನಮ್ಮ ಕಡೆ ಬಿಡುವುದಿಲ್ಲ. ಮುಳುಗಡೆ ಕಾಡಿನ ಬೊಡ್ಡೆಗಳು ನೀರೊಳಗೆ ಇನ್ನೂ ನಿಂತಿವೆ, ಮೇಲಿಂದ ಕಾಣಿಸಲ್ಲ. ನೀರಿಗೆ ಇಳಿಯುವುದಾದರೆ ಸೊಂಟದ ತನಕ, ಲೈಫ್ ಜಾಕೆಟ್ ಹಾಕಿಕೊಂಡು, ಹಗ್ಗದ ಒಳಗೆ ಮಾತ್ರ.

ಮಂಗನ ಕಾಯಿಲೆ ಹರಡುವ ಉಣುಗಿನ (ರಕ್ತ ಹೀರುವ ಸಣ್ಣ ಉಣ್ಣೆ ಹುಳು) ವಿಷಯವನ್ನು ಮಲೆನಾಡಿನಲ್ಲಿ ಟೆಂಟ್ ಹಾಕುವವರು ಯಾರೂ ಬಾಯಿ ಬಿಟ್ಟು ಹೇಳಲ್ಲ. ಗಿರಾಕಿ ಓಡಿ ಹೋಗ್ತಾರೆ ಅಂತ ಭಯ. ಈ ಕಾಯಿಲೆ ಮೊದಲು ಕಂಡದ್ದು 1957ರಲ್ಲಿ, ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡಿನಲ್ಲಿ ಇದರಿಂದ ಜನ ಸತ್ತದ್ದನ್ನು ಮರೆಯೋ ಹಾಗಿಲ್ಲ. ನಾನು ಬುಕಿಂಗ್ ಹೊತ್ತಿಗೇ ಹೇಳಿಬಿಡುತ್ತೇನೆ. ಚಪ್ಪರದ ಸುತ್ತ ಹತ್ತು ಹೆಜ್ಜೆ ದರಗು (ಒಣ ಎಲೆ) ಪೂರ್ತಿ ಗುಡಿಸಿರುತ್ತದೆ. ದನ ಆ ಕಡೆ ಬರೋ ಹಾಗಿಲ್ಲ. ಕಾಡಿಗೆ ನಡೆಯೋಕೆ ಕರೆದೊಯ್ಯುವುದಿಲ್ಲ. ಜನವರಿ ಮಧ್ಯಕ್ಕೆ ಬಂದ್, ಅದಕ್ಕೂ ಮೊದಲೇ ಸುತ್ತಮುತ್ತ ಎಲ್ಲಾದರೂ ಮಂಗ ಸತ್ತ ಸುದ್ದಿ ಬಂದರೆ ಅವತ್ತೇ ಬಂದ್. ಹೋದ ಸಲ ಹೀಗೆ ಒಂದು ವಾರದ ಬುಕಿಂಗ್ ಬಿಟ್ಟೆ, 40 ಸಾವಿರ ಹೋಯ್ತು. ಫೆಬ್ರವರಿಯಲ್ಲೂ ಟೆಂಟ್ ಹಾಕುವವರಿದ್ದಾರೆ. ಅವರಿಷ್ಟ.

ಲೆಕ್ಕ ಕೇಳುತ್ತೀರಿ ಅಂತ ಗೊತ್ತು. ಹೋದ ಸೀಸನ್ ತಲೆಗೆ 1,200ರ ಹಾಗೆ ಸುಮಾರು 400 ಜನ. ಊಟ, ಆಳು, ಏಜೆಂಟರ ಕಮಿಷನ್ ಕಳೆದು ಎರಡು ಲಕ್ಷ ಚಿಲ್ಲರೆ ಉಳೀತು. ಕೊಳೆ ರೋಗ ಬಿದ್ದ ವರ್ಷ ಅಡಿಕೆಗಿಂತ ಇದೇ ಕೈ ಹಿಡಿದದ್ದು. ಬಳೆ ಬಿಡಿಸಿದೆ. ಬಾರ್ಬೆಕ್ಯೂ ಬೇಕು ಅಂತ ಬರುವವರು ನೀರುದೋಸೆ ಜೋನಿಬೆಲ್ಲ ತಿಂದು ಇನ್ನೆರಡು ಹಾಕಿ ಅನ್ನುತ್ತಾರೆ, ಅದು ಮನೆಯವಳ ಖಾತೆಗೆ. ಬಿಸಿಲು ತಾಗದ್ದಕ್ಕೆ ಟೆಂಟೂ ಬಾಳಿಕೆ ಬರುತ್ತಿದೆ. ಮೊದಲಿನವು ಎರಡು ವರ್ಷಕ್ಕೇ ಚಿಂದಿಯಾಗಿದ್ದವು, ಒಂಬತ್ತೂವರೆ ಸಾವಿರದವು ಚಪ್ಪರದ ಕೆಳಗೆ ಮೂರು ಸೀಸನ್ ಕಂಡರೂ ಗಟ್ಟಿ ಇವೆ.

ಬಗೆಹರಿಯದೆ ಉಳಿದದ್ದು ಮಳೆಗಾಲ. ಮಡಿಸಿ ಇಟ್ಟರೆ ಒಳಗಿನ ಲೇಪ ಅಂಟಂಟಾಗಿ ಸಿಪ್ಪೆ ಏಳುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ತೂಗು ಹಾಕಿದೆ. ಬೂಷ್ಟು ಬರಲಿಲ್ಲ, ಆದರೆ ಹೊಗೆ ವಾಸನೆ ಡಿಸೆಂಬರ್ ತನಕ ಹೋಗಲಿಲ್ಲ, ಇಲಿ ಎರಡು ಟೆಂಟಿನ ಬಾಗಿಲ ಬಲೆ ಕಡಿದಿತ್ತು. ಈ ಸಲ ಕಬ್ಬಿಣದ ಟ್ರಂಕು ತಂದಿದ್ದೇನೆ, 2,200 ಆಯ್ತು. ಸೆಪ್ಟೆಂಬರಿನಲ್ಲಿ ಮುಚ್ಚಳ ತೆಗೆದಾಗ ಗೊತ್ತಾಗುತ್ತದೆ.