ಟೇಬಲ್‌ನಿಂದ ಎದ್ದ ಮೇಲೆ ಬರೆದಿಡಬೇಕಾದ ಕೈಗಳು

ಲಾಸ್ ವೇಗಸ್‌ನ 1–3 ಡಾಲರ್ (ಆಟದ ಆರಂಭದಲ್ಲಿ ಇಬ್ಬರು ಕಡ್ಡಾಯವಾಗಿ ಇಡುವ ಮೊತ್ತ) ನೋ-ಲಿಮಿಟ್ ಹೋಲ್ಡೆಮ್ (ಪಣಕ್ಕೆ ಮಿತಿಯಿಲ್ಲದ ಪೋಕರ್) ಟೇಬಲ್‌ಗಳಲ್ಲಿ ಆಡುವವರು, ತೀರ್ಮಾನಿಸಲು ತಡವರಿಸಿದ ಕೈಗಳನ್ನು (ಒಂದೊಂದು ಹಂಚಿಕೆಯ ಆಟಗಳನ್ನು), ಗೆದ್ದವುಗಳನ್ನೂ ಸೇರಿಸಿ, ಅದೇ ರಾತ್ರಿ ಬರೆದಿಡುವುದು ಒಳ್ಳೆಯದು. ಕುಳಿತ ಸ್ಥಾನ, ತಮ್ಮ ಮತ್ತು ಎದುರಾಳಿಯ ಮುಂದಿದ್ದ ಚಿಪ್‌ಗಳು ಮತ್ತು ಪ್ರತಿ ಸುತ್ತಿನ ಪಾಟ್ (ಮಧ್ಯದಲ್ಲಿ ಕೂಡಿದ ಪಣ) ಮೊತ್ತ ಅದರಲ್ಲಿರಲಿ. ಉದಾಹರಣೆಗೆ, ಟರ್ನ್‌ನಲ್ಲಿ (ಮೇಜಿನ ಮೇಲೆ ತೆರೆಯುವ ನಾಲ್ಕನೇ ಎಲೆಯ ಸುತ್ತಿನಲ್ಲಿ) 60 ಡಾಲರ್ ಪಾಟ್‌ಗೆ ಎದುರಾಳಿ 30 ಡಾಲರ್ ಕಟ್ಟಿದಾಗ ಕೇವಲ ಫ್ಲಶ್‌ನ (ಒಂದೇ ಚಿಹ್ನೆಯ ಐದು ಎಲೆಗಳು; ಇನ್ನೊಂದು ಬೇಕು) ನಿರೀಕ್ಷೆಯಲ್ಲಿ ಕಾಲ್ ಮಾಡಲು (ಅಷ್ಟೇ ಹಣ ಕಟ್ಟಿ ಮುಂದುವರಿಯಲು), 30 ಕೊಟ್ಟು ಒಟ್ಟು 120ಕ್ಕೆ ಆಡುವುದರಿಂದ, ಶೇ. 25ರಷ್ಟು ಗೆಲುವಿನ ಸಾಧ್ಯತೆ ಬೇಕು. ಆದರೆ ಕಾಣದ 46 ಎಲೆಗಳಲ್ಲಿ ನೆರವಾಗುವವು 9, ಅಂದರೆ ಸುಮಾರು ಶೇ. 20 ಮಾತ್ರ. ರಿವರ್‌ನಲ್ಲಿ (ಐದನೇ, ಕೊನೆಯ ಎಲೆಯ ಸುತ್ತಿನಲ್ಲಿ) ಇನ್ನಷ್ಟು ಹಣ ಬರುವ ಭರವಸೆಯಿಲ್ಲದಿದ್ದರೆ, ಫ್ಲಶ್ ಕೂಡಿ ಗೆದ್ದಿದ್ದರೂ ಅದು ತಪ್ಪೇ. ಇಂಥ ಟೇಬಲ್‌ಗಳಲ್ಲಿ ಅದುವರೆಗೆ ಸುಮ್ಮನೆ ಕಾಲ್ ಮಾಡುತ್ತಿದ್ದವರು ರಿವರ್‌ನಲ್ಲಿ ಬೆಟ್ ಏರಿಸುವುದು ಬಹುಮಟ್ಟಿಗೆ ಬಲವಾದ ಎಲೆಗಳಿದ್ದಾಗಲೇ. ಒಂದೇ ಜೋಡಿ ಹಿಡಿದು ಅಂಥ ಏರಿಕೆಗೆ ಹಣ ತೆತ್ತ ಸಂದರ್ಭಗಳಿಗೆ ಪ್ರತ್ಯೇಕ ಗುರುತು ಹಾಕಿಕೊಳ್ಳಿ.