ಅಗ್ಗದ ಪವರ್ ಸಪ್ಲೈ: ಶಾರ್ಟ್ ಟೆಸ್ಟ್ ಪಾಸಾದರೆ ಸಾಕಾ?

ಅಗ್ಗದ ಪಿಎಸ್‌ಯು (ಕಂಪ್ಯೂಟರಿನ ಪವರ್ ಸಪ್ಲೈ) ಡಬ್ಬಿ ಮೇಲೂ ತಾನಾಗಿಯೇ ಆಫ್ ಆಗುವ ರಕ್ಷಣೆಗಳ ಹೆಸರು ಸಾಲಾಗಿ ಬರೆದಿರುತ್ತಾರೆ: ಒಸಿಪಿ (ಕರೆಂಟ್ ಜಾಸ್ತಿಯಾದರೆ), ಒಪಿಪಿ (ಒಟ್ಟು ಪವರ್ ಜಾಸ್ತಿಯಾದರೆ), ಒವಿಪಿ (ವೋಲ್ಟೇಜ್ ಏರಿದರೆ), ಯುವಿಪಿ (ವೋಲ್ಟೇಜ್ ಇಳಿದರೆ), ಎಸ್‌ಸಿಪಿ (ಶಾರ್ಟ್ ಆದರೆ), ಒಟಿಪಿ (ಬಿಸಿ ಜಾಸ್ತಿಯಾದರೆ). ಇದರಲ್ಲಿ ಎಷ್ಟು ಒಳಗೆ ನಿಜವಾಗಿ ಇದೆ ಅಂತ ನೋಡಲು 450 ವ್ಯಾಟಿನ ಒಂದನ್ನು ಬಿಚ್ಚಿದೆ.

ಪ್ಲಗ್ ಕಿತ್ತು, ಪ್ರೈಮರಿ ಕಡೆಯ (ಮನೆ ಕರೆಂಟ್ ಬರುವ ಭಾಗದ) ದೊಡ್ಡ ಕೆಪಾಸಿಟರ್ ಖಾಲಿಯಾಗಿದೆ ಅಂತ ಮೀಟರಿನಲ್ಲಿ ಖಾತ್ರಿ ಮಾಡಿಕೊಂಡೇ ಕೈ ಹಾಕಿದ್ದು. ಅದರಲ್ಲಿ 300 ವೋಲ್ಟಿಗೂ ಜಾಸ್ತಿ ಉಳಿದಿರಬಹುದು, ಜೀವಕ್ಕೇ ಅಪಾಯ. ಅಭ್ಯಾಸ ಇಲ್ಲದವರು ಮುಚ್ಚಳ ತೆಗೆಯಲೇಬೇಡಿ.

ಮೊದಲು ಹುಡುಕಿದ್ದು ಸೂಪರ್‌ವೈಸರ್ ಐಸಿ, ಅಂದರೆ ತೊಂದರೆ ಕಂಡರೆ ಸಪ್ಲೈ ಆಫ್ ಮಾಡುವ ಚಿಪ್. ನಂಬರ್ ಹಿಡಿದು ಡೇಟಾಶೀಟ್ ತೆಗೆದರೆ, ಅದು ವೋಲ್ಟೇಜ್ ಏರಿದರೆ ಅಥವಾ ಇಳಿದರೆ ಮಾತ್ರ ಗಮನಿಸುವಂಥದ್ದು. ಕರೆಂಟ್ ಅಳೆಯುವ ಪಿನ್ನೇ ಇಲ್ಲ. 12 ವೋಲ್ಟ್ ದಾರಿಯಲ್ಲಿ ಶಂಟ್ (ಕರೆಂಟ್ ಅಳೆಯಲು ಹಾಕುವ ಸಣ್ಣ ರೆಸಿಸ್ಟರ್) ಕೂಡ ಇರಲಿಲ್ಲ. ಹೀಟ್‌ಸಿಂಕ್ ಪಕ್ಕ ಬಿಸಿ ಅಳೆಯುವ ಒಂದೇ ಥರ್ಮಿಸ್ಟರ್, ಅದರ ತಂತಿ ಹೋಗಿದ್ದು ಫ್ಯಾನ್ ಕಂಟ್ರೋಲಿಗೆ.

ಮುಚ್ಚಳ ಹಾಕಿ, ಆನ್ ಮಾಡುವ ಹಸಿರು ತಂತಿಯನ್ನು ಕಪ್ಪಿಗೆ (ಗ್ರೌಂಡ್) ಸೇರಿಸಿ ಆನ್ ಮಾಡಿದೆ. 12 ವೋಲ್ಟನ್ನು ಶಾರ್ಟ್ ಮಾಡಿದ ತಕ್ಷಣ ಆಫ್ ಆಯಿತು. ಪವರ್ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಮತ್ತೆ ಸರಿಯಾಗಿ ನಡೆಯಿತು. ಎಷ್ಟೋ ಜನ ಟೆಸ್ಟನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ನೇರ ಶಾರ್ಟ್ ಆದಾಗ ವೋಲ್ಟೇಜ್ ಪೂರ್ತಿ ಕುಸಿಯುತ್ತೆ, ಅದನ್ನು ಯುವಿಪಿಯೇ ಹಿಡಿಯುತ್ತೆ. ಒಸಿಪಿ ಇದೆಯೋ ಇಲ್ಲವೋ ಅಂತ ಇದರಿಂದ ಗೊತ್ತಾಗಲ್ಲ.

ಹಾಗಾಗಿ ಎಲೆಕ್ಟ್ರಾನಿಕ್ ಲೋಡ್ (ಬೇಕಾದಷ್ಟು ಕರೆಂಟ್ ಎಳೆಯುವ ಟೆಸ್ಟ್ ಯಂತ್ರ) ಹಾಕಿ, ಆಂಪ್ ಆಂಪಾಗಿ ಏರಿಸಿದೆ. ಲೇಬಲ್‌ನಲ್ಲಿ 12 ವೋಲ್ಟಿಗೆ 34 ಆಂಪ್ ಅಂತಿದೆ. 40 ದಾಟಿದರೂ ಆನ್. 44ಕ್ಕೆ ವೋಲ್ಟೇಜ್ 11.3ಕ್ಕೆ ಇಳಿಯಿತು. ಎಟಿಎಕ್ಸ್ (ಪಿಸಿ ಪವರ್ ಸಪ್ಲೈಗಳ ಮಾನದಂಡ) ಹಳೆಯ 2.x ಆವೃತ್ತಿಯ ಪ್ರಕಾರ 5 ಶೇಕಡಾ ಇಳಿದರೆ, ಅಂದರೆ 11.4ರವರೆಗೆ, ಪರವಾಗಿಲ್ಲ. ಇದು ಅದಕ್ಕೂ ಕೆಳಗೆ. ಆದರೂ ಬೂದು ತಂತಿ, ಅಂದರೆ ವೋಲ್ಟೇಜ್ ಸರಿ ಇದೆಯಾ ಅಂತ ಕಂಪ್ಯೂಟರಿಗೆ ತಿಳಿಸುವ ಪವರ್ ಗುಡ್ ಸಿಗ್ನಲ್, ಎಲ್ಲ ಸರಿ ಇದೆ ಅಂತಲೇ ಹೇಳುತ್ತಿತ್ತು. 49ಕ್ಕೆ ಆಫ್ ಆಯಿತು. ಅದನ್ನು ಆಫ್ ಮಾಡಿದ್ದು ಪ್ರೈಮರಿ ಕಡೆಯ ಒಪಿಪಿ ಇರಬೇಕು.

ಬಿಸಿಯಲ್ಲಿ ಇನ್ನೂ ಕಷ್ಟ. ಫ್ಯಾನಿಗೆ ಬಿಸಿ ಗಾಳಿ ಕೊಟ್ಟು 40 ಆಂಪಿನಲ್ಲಿ ಬಿಟ್ಟೆ. ಫ್ಯಾನ್ ಜೋರಾಗಿ ತಿರುಗಿತೇ ಹೊರತು ಸಪ್ಲೈ ನಿಲ್ಲಲಿಲ್ಲ. ಹೀಟ್‌ಸಿಂಕಿಗೆ ಅಂಟಿಸಿದ್ದ ಥರ್ಮೋಕಪಲ್ 120 ಡಿಗ್ರಿ ದಾಟಿದಾಗ ನಾನೇ ಆಫ್ ಮಾಡಿದೆ. ಡಬ್ಬಿ ಮೇಲಿನ ಒಟಿಪಿ ಒಳಗಿಲ್ಲ ಅಂತ ಖಾತ್ರಿಯಾಯಿತು. ನನಗೆ ನಿಜಕ್ಕೂ ಸಿಟ್ಟು ಬಂದಿದ್ದು ಇಲ್ಲಿ. ಧೂಳು ತುಂಬಿ ಫ್ಯಾನ್ ನಿಂತರೆ ಮನೆಯವರನ್ನು ಕಾಯಬೇಕಾದ್ದು ಇದೇ ಅಲ್ವಾ?

ಕೊನೆಗೆ ಪವರ್ ಕಿತ್ತು ಆಸಿಲೋಸ್ಕೋಪಿನಲ್ಲಿ ನೋಡಿದೆ. ವೋಲ್ಟೇಜ್ ಮಿತಿ ದಾಟುವುದಕ್ಕೆ ಕನಿಷ್ಠ 1 ಮಿಲಿಸೆಕೆಂಡ್ ಮುಂಚೆ ಪವರ್ ಗುಡ್ ಬೀಳಬೇಕು. ಇಲ್ಲಿ 12 ವೋಲ್ಟ್ ಇಳಿದ ಮೇಲೆ ಬಿತ್ತು. ಡಿಸ್ಕ್‌ನಲ್ಲಿ ಬರೆಯುತ್ತಿರುವ ಕಂಪ್ಯೂಟರಿಗೆ ಮುನ್ಸೂಚನೆಯೇ ಸಿಗಲ್ಲ.

ಗ್ರಾಫಿಕ್ಸ್ ಕಾರ್ಡ್ ಇರುವ ಮೆಷಿನ್‌ಗೆ ಇದನ್ನು ನಾನು ಹಾಕಲ್ಲ. 200 ವ್ಯಾಟಿನೊಳಗೆ ನಡೆಯುವ ಸಾಧಾರಣ ಪಿಸಿಗೆ, ಅದೂ ಆಗಾಗ ಧೂಳು ತೆಗೆಯುವವರಿದ್ದರೆ ಮಾತ್ರ.