ಕೆರೆ ಏರಿಯ ಕಾವಲು ಗುಡಾರಕ್ಕೆ ಎಲ್‌ಇಡಿ ಬೆಳಕು

ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯ ನೀರು ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯ ಮೂಲಕ 2018ರಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಹರಿದ ನಂತರ, ಹಾಗೆಯೇ ಎಚ್.ಎನ್. (ಹೆಬ್ಬಾಳ-ನಾಗವಾರ) ವ್ಯಾಲಿ ಯೋಜನೆಯ ನೀರು ಚಿಕ್ಕಬಳ್ಳಾಪುರದ ಕಂದವಾರ ಕೆರೆಯನ್ನು ತುಂಬಿದ ನಂತರ, ಬಹುಕಾಲ ಒಣಗಿ ಬಿದ್ದಿದ್ದ ಎಷ್ಟೋ ಕೆರೆಗಳಲ್ಲಿ ನೀರು ನಿಲ್ಲುತ್ತಿದೆ. ನೀರು ನಿಂತ ಕಡೆ ಕಾಟ್ಲಾ, ರೋಹು, ಗೆಂಡೆ ಮರಿಗಳನ್ನು ಬಿಡುವವರೂ ಬರುತ್ತಾರೆ. ಮೀನು ತೂಕಕ್ಕೆ ಬಂದಂತೆ ರಾತ್ರಿ ಕದ್ದು ಬಲೆ ಬೀಸುವವರ ಭಯವೂ ಹುಟ್ಟುತ್ತದೆ. ಆಗ ಏರಿಯ ಮೇಲೆ ನಾಲ್ಕು ಗಳ, ಒಂದು ಟಾರ್ಪಾಲು ಸೇರಿಸಿ ಗುಡಾರ ಹಾಕಿ ಕಾವಲು ಕೂರಬೇಕಾಗುತ್ತದೆ. ಬಿಚ್ಚಿ ಬೇರೆಡೆಗೆ ಒಯ್ಯಬಹುದಾದ ಅಂಥ ಗುಡಾರಕ್ಕೆ ಅಪಾಯವಿಲ್ಲದ ಬೆಳಕನ್ನು ಅಳವಡಿಸುವ ಕ್ರಮ ಇಲ್ಲಿದೆ.

ಮೊದಲು ತೀರ್ಮಾನಿಸಬೇಕಾದದ್ದು ಬೆಳಕು ಎಷ್ಟು ಬೇಕು ಎಂಬುದನ್ನು. ಕಾವಲಿನವರು ಸಾಮಾನ್ಯವಾಗಿ ಅಗತ್ಯಕ್ಕಿಂತ ಹೆಚ್ಚು ಪ್ರಖರವಾದ ದೀಪವನ್ನೇ ಆರಿಸುತ್ತಾರೆ, ಆದರೆ ಅದು ಅವರ ಕೆಲಸಕ್ಕೇ ಅಡ್ಡಿ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಹಿಡಿಯುತ್ತದೆ. ಬಿಳಿ ಬೆಳಕಿನಲ್ಲಿ ಕುಳಿತವರು ತಟ್ಟನೆ ಹೊರಗೆ ನೋಡಿದರೆ ತೂಬಿನ ಬಳಿ ನಿಂತ ಮನುಷ್ಯನೂ ಕಾಣುವುದಿಲ್ಲ, ಅವನಿಗೆ ಮಾತ್ರ ಗುಡಾರ ಚೆನ್ನಾಗಿ ಕಾಣುತ್ತಿರುತ್ತದೆ. ಆದ್ದರಿಂದ ಅಡುಗೆ, ಊಟ, ಬಲೆ ಹೆಣೆಯುವ ಕೆಲಸಕ್ಕೆ ಒಂದು ಮಂದ ಬಿಳಿ ದೀಪ, ಆನಂತರದ ಕಾವಲಿಗೆ ಬೇರೆ ಸ್ವಿಚ್ಚಿನಲ್ಲಿ ಒಂದು ಚಿಕ್ಕ ಕೆಂಪು ದೀಪ ಇರುವುದು ಉತ್ತಮ. ಮಂದವಾದ ಕೆಂಪು ಬೆಳಕು ಕತ್ತಲಿಗೆ ಹೊಂದಿಕೊಂಡ ದೃಷ್ಟಿಯನ್ನು ಹೆಚ್ಚು ಕೆಡಿಸುವುದಿಲ್ಲ. ದೂರ ನೋಡಲು ಕೈಯಲ್ಲಿ ಟಾರ್ಚು ಇದ್ದೇ ಇರುತ್ತದೆ.

ದೀಪಕ್ಕೆ 12 ವೋಲ್ಟಿನ ಎಲ್‌ಇಡಿ ಸ್ಟ್ರಿಪ್, ಅಂದರೆ ಪುಟ್ಟ ದೀಪಗಳನ್ನು ಸಾಲಾಗಿ ಕೂರಿಸಿದ ತೆಳು ಪಟ್ಟಿ, ಸೂಕ್ತ. 2835 ಎಂಬ ನಮೂನೆಯಲ್ಲಿ ಮೀಟರಿಗೆ 60 ದೀಪಗಳಿರುವ ಸ್ಟ್ರಿಪ್ ಸುಮಾರು 4.8 ವಾಟ್ ಎಳೆಯುತ್ತದೆ. ಆರು ಅಡಿಗೆ ಎಂಟು ಅಡಿಯ ಗುಡಾರಕ್ಕೆ ಒಂದು ಮೀಟರ್ ಧಾರಾಳ. 5050 ನಮೂನೆಯದು ಅಷ್ಟೇ ಉದ್ದಕ್ಕೆ 14.4 ವಾಟ್ ಎಳೆಯುವುದರಿಂದ ಅದು ಬೇಡ. ಬಿಳಿಯಲ್ಲೂ 3000 ಕೆಲ್ವಿನ್ ಎಂದು ಬರೆದಿರುವ ಹಳದಿ ಛಾಯೆಯದನ್ನೇ ಕೇಳಿ ಪಡೆಯಬೇಕು, ಏಕೆಂದರೆ 6500 ಕೆಲ್ವಿನ್ನಿನ ನೀಲಿ ಮಿಶ್ರಿತ ಬಿಳಿಗೆ ಹುಳುಗಳು ಹೆಚ್ಚು ಮುತ್ತುತ್ತವೆ, ಮತ್ತು ಮುಂಗಾರಿನ ಮೊದಲ ಮಳೆಯ ನಂತರ ಈಸಲು ಹುಳು ಏಳುವ ಸಂಜೆ ಅನ್ನದ ತಟ್ಟೆಯನ್ನು ಕಾಪಾಡಿಕೊಳ್ಳುವುದೇ ಒಂದು ಕೆಲಸವಾಗುತ್ತದೆ. ಏರಿಯ ತೇವ ಮತ್ತು ಮಾಗಿಯ ಇಬ್ಬನಿಯನ್ನು ತಡೆಯಲು ಸಿಲಿಕೋನ್ ಲೇಪನವಿರುವ, ಧೂಳು ಮತ್ತು ನೀರಿನ ಸಿಂಚನವನ್ನು ತಡೆಯುವ ಐಪಿ65 ದರ್ಜೆಯದೇ ಆಗಬೇಕು.

ಇನ್ನು ಬ್ಯಾಟರಿ. ಯುಪಿಎಸ್‌ನಲ್ಲಿ ಬಳಸುವ 12 ವೋಲ್ಟ್, 7 ಆಂಪಿಯರ್-ಅವರ್‌ನ ಸೀಲ್ ಮಾಡಿದ ಬ್ಯಾಟರಿಯಲ್ಲಿ ಲೆಕ್ಕಕ್ಕೆ 84 ವಾಟ್-ಅವರ್ ಇದ್ದರೂ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಅದರ ಆಯಸ್ಸು ಕುಗ್ಗುತ್ತದೆ. ಬಳಸಬಹುದಾದ ಅರ್ಧ, ಅಂದರೆ 42 ವಾಟ್-ಅವರ್‌ನಲ್ಲಿ ಒಂದು ಮೀಟರ್ ಸ್ಟ್ರಿಪ್ ಎಂಟು ಗಂಟೆಗಿಂತ ತುಸು ಹೆಚ್ಚು ಉರಿಯುತ್ತದೆ. ಡಿಮ್ಮರ್ ಹಾಕಿ ಬೆಳಕನ್ನು ತಗ್ಗಿಸಿದರೆ ಬೆಳಗಿನವರೆಗೂ ಬರುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಾದರೆ 6 ಆಂಪಿಯರ್-ಅವರ್‌ನದೇ ಹನ್ನೆರಡು ಗಂಟೆ ನಡೆಸುತ್ತದೆ, ಹೊರಲೂ ಹಗುರ. ಬೆಲೆ ಹೆಚ್ಚಾದರೂ ಪ್ರತಿ ವರ್ಷ ಕಾವಲು ಕೂರುವವರಿಗೆ ನನ್ನ ಸಲಹೆ ಇದೇ. ಹತ್ತಿರದ ಬೆಸ್ಕಾಂ ತಂತಿಗೆ ಕೊಕ್ಕೆ ಹಾಕುವ ಯೋಚನೆಯನ್ನಂತೂ ಬಿಡಬೇಕು: ಅದು ಅಪರಾಧ ಮಾತ್ರವಲ್ಲ, ಒದ್ದೆ ನೆಲದ ಮೇಲೆ 230 ವೋಲ್ಟ್ ಎಂದರೆ ಸಾವು.

ಜೋಡಿಸುವಾಗ ಸ್ಟ್ರಿಪ್ಪನ್ನು ಕತ್ತರಿಯ ಗುರುತು ಇರುವಲ್ಲಿ ಮಾತ್ರ, ಅಂದರೆ ಮೂರು ಮೂರು ದೀಪಗಳಿಗೊಮ್ಮೆ ಕತ್ತರಿಸಬೇಕು. ಅದರ ಹಿಂಬದಿಯ ಅಂಟು ಟಾರ್ಪಾಲಿನ ಮೇಲೆ ನಿಲ್ಲುವುದಿಲ್ಲ. ಹಾಲುಬಣ್ಣದ ಮುಚ್ಚಳವಿರುವ ಅಲ್ಯೂಮಿನಿಯಂ ಚಾನೆಲ್‌ನೊಳಗೆ ಅಂಟಿಸಿ, ಆ ಚಾನೆಲ್ಲನ್ನು ನಡು ಗಳಕ್ಕೆ ಎರಡು ಕಡೆ ಬಟ್ಟೆಪಟ್ಟಿಯಿಂದ ಕಟ್ಟಿದರೆ ಬೆಳಕು ಕಣ್ಣಿಗೆ ಚುಚ್ಚುವುದಿಲ್ಲ, ಗುಡಾರ ಮಡಚುವಾಗ ದೀಪವನ್ನು ಬೇರೆಯಾಗಿ ಎತ್ತಿಡಲೂ ಆಗುತ್ತದೆ. ದೀಪದ ಮುಖ ಬಾಗಿಲಿನ ಕಡೆಗಿರದೆ ಒಳಕ್ಕೂ ಕೆಳಕ್ಕೂ ತಿರುಗಿರಲಿ. ಸುಮಾರು 30 ಸೆಂಟಿಮೀಟರ್ ಉದ್ದದ ಕೆಂಪು ತುಂಡನ್ನು ನೆಲದಿಂದ ಒಂದಡಿ ಎತ್ತರದಲ್ಲಿ ಕಟ್ಟಿದರೆ ಸಾಕು.

ಬ್ಯಾಟರಿಯ ಪ್ಲಸ್ ತುದಿಗೆ ಆದಷ್ಟು ಹತ್ತಿರದಲ್ಲಿ 2 ಆಂಪಿಯರ್ ಫ್ಯೂಸ್ ಹಾಕಿ, ಅಲ್ಲಿಂದ ಸ್ವಿಚ್ಚು, ಡಿಮ್ಮರ್, ಕೊನೆಗೆ ಸ್ಟ್ರಿಪ್ ಎಂಬ ಕ್ರಮದಲ್ಲಿ ವೈರು ಸಾಗಬೇಕು; ಕೆಂಪು ದೀಪದ ಕವಲು ಫ್ಯೂಸ್ ದಾಟಿದ ಮೇಲೆ ಒಡೆಯಲಿ. 0.75 ಚದರ ಮಿಲಿಮೀಟರಿನ ತಾಮ್ರದ ವೈರು ಸಾಲುತ್ತದೆ. ಬೆಸುಗೆ ಹಾಕಿದ ಜಾಗಕ್ಕೆ ಬರೀ ಟೇಪು ಸುತ್ತಿದರೆ ತೇವಕ್ಕೆ ಬಿಚ್ಚಿಕೊಳ್ಳುವುದರಿಂದ, ಬಿಸಿಗೆ ಕುಗ್ಗುವ ಸ್ಲೀವ್ ತೊಡಿಸಬೇಕು.

ಹಗಲು ಚಾರ್ಜ್ ಮಾಡಲು 20 ವಾಟಿನ ಸೋಲಾರ್ ಫಲಕ ಸಾಕಾಗುತ್ತದೆ. ನಮ್ಮ ಜಿಲ್ಲೆಗಳು 13 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿರುವುದರಿಂದ ಅದನ್ನು ದಕ್ಷಿಣಕ್ಕೆ ಅಷ್ಟೇ ಓರೆಯಾಗಿ ಇಡಬೇಕು. ಫಲಕ ಮತ್ತು ಬ್ಯಾಟರಿಯ ನಡುವೆ ಚಾರ್ಜಿಂಗನ್ನು ನಿಯಂತ್ರಿಸುವ ಚಾರ್ಜ್ ಕಂಟ್ರೋಲರ್‌ಗೆ ಮೊದಲು ಬ್ಯಾಟರಿಯನ್ನು, ನಂತರ ಫಲಕವನ್ನು ಜೋಡಿಸಬೇಕು. ಬಿಚ್ಚುವಾಗ ಇದಕ್ಕೆ ತಿರುಗುಮುರುಗು. ಲಿಥಿಯಂ ಬ್ಯಾಟರಿಯಾದರೆ ಅದಕ್ಕೆ ಹೊಂದುವ ಕಂಟ್ರೋಲರ್‌ ಆಗಿರಬೇಕು. ಚಾರ್ಜ್ ಆಗುತ್ತಿರುವಾಗ ವೋಲ್ಟೇಜ್ 14 ದಾಟುವುದರಿಂದ, ಆ ಹೊತ್ತಿನಲ್ಲಿ ದೀಪ ಉರಿಸಿದರೆ ಸ್ಟ್ರಿಪ್‌ನಲ್ಲಿ ಒಂದೂವರೆ ಪಟ್ಟಿನಷ್ಟು ವಿದ್ಯುತ್ ಹರಿದು ದೀಪಗಳು ಬೇಗ ಮಂಕಾಗುತ್ತವೆ. ಬೈಕಿನ ಎಂಜಿನ್ ಓಡಿಸಿಕೊಂಡು ಅದರ ಬ್ಯಾಟರಿಯಿಂದ ನೇರವಾಗಿ ದೀಪ ಹಚ್ಚುವುದೂ ಇದೇ ಕಾರಣಕ್ಕೆ ಸರಿಯಲ್ಲ.

ಕೆನಡಾ, ಫಿನ್ಲೆಂಡ್‌ಗಳಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ಗುಡಾರ ಹೂಡಿ ಮೀನು ಹಿಡಿಯುವವರೂ ಇಂಥದೇ ದೀಪಗಳನ್ನು ಕಟ್ಟಿಕೊಳ್ಳುತ್ತಾರೆ. ಅವರಿಗೆ ಚಳಿಯ ತೊಂದರೆ: ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡುವಂತಿಲ್ಲ. ನಮಗೆ ಬಿಸಿಲಿನದು. ಏಪ್ರಿಲಿನ ಮಧ್ಯಾಹ್ನ ಮುಚ್ಚಿದ ಟಾರ್ಪಾಲಿನೊಳಗೆ ಬ್ಯಾಟರಿ ಬಿಟ್ಟರೆ ಯಾವ ಜಾತಿಯದಾದರೂ ಬೇಗ ಹಾಳಾಗುತ್ತದೆ. ಅದನ್ನು ಗಾಳಿಯಾಡುವ ಪೆಟ್ಟಿಗೆಯಲ್ಲಿಟ್ಟು, ಇಟ್ಟಿಗೆಯ ಮೇಲೆ ನೆಲ ಬಿಟ್ಟು ಎತ್ತರಿಸಿ, ಹೊಂಗೆ ಮರದ ನೆರಳಿಗೆ ಸರಿಸಬೇಕು. ಗುಡಾರ ಬಿಚ್ಚುವ ದಿನ ಮೊದಲು ಫ್ಯೂಸ್ ಕಳಚಿ, ನಂತರ ವೈರನ್ನು ಬಿಚ್ಚಿ ಸಡಿಲವಾಗಿ ಸುತ್ತಬೇಕು. ಸ್ಟ್ರಿಪ್ ಇರುವ ಚಾನೆಲ್ಲನ್ನು ಗಳಗಳೊಂದಿಗೆ ಕಟ್ಟದೆ ಬಟ್ಟೆಯಲ್ಲಿ ಸುತ್ತಿ ಬೇರೆಯಾಗಿಯೇ ಸಾಗಿಸಬೇಕು.